ಗೇರುಸೊಪ್ಪೆಯ ಮನೆಯಲ್ಲಿ ಎಷ್ಟು ಜನ ರಾಣಿಯರು?

ಹೋದ ವಾರ ಏನೋ ಹುಡುಕುತ್ತಾ ಇನ್ನೇನೋ ಓದುತ್ತಾ ಕೂತಿದ್ದಾಗ ಒಂದು ಹೆಸರು ಕಣ್ಣಿಗೆ ಬಿತ್ತು. ಸ್ವೆಂಡ್ ಎಸ್ಟ್ರಿಡ್ಸನ್. 1047ರಲ್ಲಿ ಡೆನ್ಮಾರ್ಕಿನ ಪಟ್ಟಕ್ಕೆ ಬಂದ ರಾಜ. ಆ ಕಡೆಯ ಜನ ಅಪ್ಪನ ಹೆಸರಿಗೆ 'ಸನ್' ಅಂತ ಸೇರಿಸಿ ತಮ್ಮ ಹೆಸರು ಮಾಡಿಕೊಳ್ಳುತ್ತಿದ್ದರಂತೆ. ಈತನ ಅಪ್ಪ ಉಲ್ಫ್. ಆ ಲೆಕ್ಕದಲ್ಲಿ ಇವನು ಉಲ್ಫ್‌ಸನ್ ಆಗಬೇಕಿತ್ತು. ಆದರೆ ಎಸ್ಟ್ರಿಡ್ ಅನ್ನುವುದು ಅಮ್ಮನ ಹೆಸರು!

ಕಾರಣ ಸರಳ. ಉಲ್ಫ್ ಒಬ್ಬ ಸಾಮಂತ, ಅಷ್ಟೆ. ಎಸ್ಟ್ರಿಡ್ ಮಾತ್ರ ರಾಜನ ಮಗಳು, ಡೆನ್ಮಾರ್ಕ್ ಇಂಗ್ಲೆಂಡ್ ಎರಡನ್ನೂ ಆಳಿದ ಕ್ನೂಟ್ ದೊರೆಯ ಸೋದರಿ. ಸಿಂಹಾಸನದ ಹಕ್ಕು ಹುಡುಗನಿಗೆ ಬಂದದ್ದು ಅವಳ ಕಡೆಯಿಂದ. ಹಾಗಾಗಿ ಅಪ್ಪನ ಹೆಸರು ಹೇಳಿಕೊಂಡು ಏನೂ ಪ್ರಯೋಜನವಿರಲಿಲ್ಲ. ಮುಂದೆ ಈ ಸ್ವೆಂಡನ ಐದು ಜನ ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ಡೆನ್ಮಾರ್ಕಿನ ರಾಜರಾದರು. ಅವರೆಲ್ಲರ ಹಿಂದೆ ಇದ್ದದ್ದು ಅಜ್ಜಿ ಎಸ್ಟ್ರಿಡ್.

ಇದನ್ನ ಅಮ್ಮನಿಗೆ ಫೋನಿನಲ್ಲಿ ಭಾರೀ ಉತ್ಸಾಹದಿಂದ ಹೇಳಿದೆ. "ಮಾವನ ಮನೆ ಅಳಿಯನ ಪಾಲಿಗೆ ಬಂತು ಅನ್ನು. ಅದ್ರಲ್ಲೆಂತ ವಿಶೇಷ?" ಅಂದಳು. ನನ್ನ ಉತ್ಸಾಹಕ್ಕೆ ತಣ್ಣೀರು :)

ಆದರೆ ಅಮ್ಮ ಹೇಳಿದ್ದು ಸರಿ. ಡೆನ್ಮಾರ್ಕಿನಲ್ಲಿ ವಿಶೇಷ ಅನ್ನಿಸಿದ್ದು ನಮ್ಮ ಕಡೆ ಒಂದು ಇಡೀ ರಾಜಮನೆತನದ ಕಟ್ಟಳೆಯೇ ಆಗಿತ್ತು. ನಾನು ಹೇಳಹೊರಟಿದ್ದು ಗೇರುಸೊಪ್ಪೆಯ ಮನೆತನದ ಬಗ್ಗೆ. ಪೋರ್ಚುಗೀಸರು 'ಮೆಣಸಿನ ರಾಣಿ' ಅಂತ ಕರೆದ ಚೆನ್ನಭೈರಾದೇವಿಯ ಮನೆ.

ನಮ್ಮೂರು ಮಂಕಿ. ಹೊನ್ನಾವರ ದಾಟಿ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಮುರ್ಡೇಶ್ವರಕ್ಕಿಂತ ಮೊದಲು ಸಿಗುತ್ತೆ. ಬಸ್ಸಿನಲ್ಲಿ ಹೋಗುವವರು ಕಣ್ಣು ಮುಚ್ಚಿ ತೆರೆಯುವುದರೊಳಗೆ ದಾಟಿ ಹೋಗುವ ಊರು. ಆದರೆ ಈ ಕಥೆಯ ಮಟ್ಟಿಗೆ ನಮ್ಮೂರು ನಡುಮನೆಯಲ್ಲಿದೆ. ಉತ್ತರಕ್ಕೆ ಹೋಗಿ ಶರಾವತಿಯ ದಂಡೆ ಹಿಡಿದು ಒಳಗೆ ನಡೆದರೆ ಗೇರುಸೊಪ್ಪೆ. ಅದರ ಹಳೆಯ ಹೆಸರು ನಗಿರೆ, ಸಂಸ್ಕೃತದವರ ಬಾಯಲ್ಲಿ ಕ್ಷೇಮಪುರ. ದಕ್ಷಿಣಕ್ಕೆ ಭಟ್ಕಳಕ್ಕೆ ಹೋಗಿ ಅಲ್ಲಿಂದ ಘಟ್ಟದ ಬುಡಕ್ಕೆ ತಿರುಗಿದರೆ ಹಾಡುವಳ್ಳಿ. ಅದಕ್ಕೆ ಸಂಗೀತಪುರ ಅಂತ ಹೆಸರು. 15, 16ನೇ ಶತಮಾನದಲ್ಲಿ ಈ ಎರಡೂ ಕಡೆ ಇದ್ದದ್ದು ಸಾಳುವ ಅನ್ನುವ ಬಿರುದಿನ ಜೈನ ಅರಸರು. ಒಂದೇ ಬಳಗ, ಎರಡು ಮನೆ. ಒಂದು ಮನೆಗೆ ಹೊನ್ನಾವರ ಬಂದರು, ಇನ್ನೊಂದಕ್ಕೆ ಭಟ್ಕಳ ಬಂದರು.

(ಸಾಳುವ ಅಂದ ಕೂಡಲೇ ವಿಜಯನಗರದ ಸಾಳುವ ನರಸಿಂಹನ ವಂಶ ಅಂದುಕೊಳ್ಳಬೇಡಿ. ಅದು ಬೇರೆ. ಸಾಳುವ ಅಂದರೆ ಬೇಟೆಯ ಗಿಡುಗ. ಇಂಥ ಬಿರುದನ್ನ ಇಟ್ಟುಕೊಂಡವರು ಒಬ್ಬರೇ ಅಲ್ಲ.)

ಈ ಮನೆತನದ ಶಾಸನಗಳನ್ನ ಓದಹೊರಟರೆ ಮೊದಲು ತಲೆ ತಿರುಗುತ್ತದೆ. ಹೈವ, ಮಂಗ, ಭೈರವ, ಮಲ್ಲ, ದೇವರಾಯ, ಕೃಷ್ಣದೇವ... ಬೆರಳೆಣಿಕೆಯಷ್ಟು ಹೆಸರುಗಳು, ಅವೇ ತಿರುತಿರುಗಿ ಬರುತ್ತವೆ. ಹೆಂಗಸರ ಹೆಸರೂ ಹಾಗೆಯೇ. ಭೈರಾದೇವಿ, ಚೆನ್ನಾದೇವಿ, ಚೆನ್ನಭೈರಾದೇವಿ. ನಾನು ಒಮ್ಮೆ ಕಾಗದ ಪೆನ್ಸಿಲ್ ಹಿಡಿದು ಶಾಲೆಯಲ್ಲಿ ಬರೆಸುತ್ತಿದ್ದ ಹಾಗೆ ಅಪ್ಪ, ಮಗ, ಮೊಮ್ಮಗ ಅಂತ ಮೇಲಿಂದ ಕೆಳಗೆ ಗೆರೆ ಎಳೆದು ವಂಶವೃಕ್ಷ ಬರೆಯಲು ಕೂತೆ. ಎರಡು ತಲೆಮಾರಿಗೆ ಗೆರೆ ಅಡ್ಡಾದಿಡ್ಡಿ ಆಯಿತು. ತಪ್ಪು ಶಾಸನದ್ದಲ್ಲ, ನನ್ನ ಗೆರೆಯದ್ದು.

ಹುಂಚದಲ್ಲಿ ವಾದಿ ವಿದ್ಯಾನಂದ ಅನ್ನುವ ದೊಡ್ಡ ಜೈನ ಪಂಡಿತನ ಬಗ್ಗೆ ಒಂದು ಶಾಸನ ಇದೆ. ಆತ ಯಾವ ಯಾವ ಆಸ್ಥಾನದಲ್ಲಿ ವಾದ ಗೆದ್ದ ಅಂತ ಪಟ್ಟಿ ಕೊಡುತ್ತದೆ. ಅದರಲ್ಲಿ ನಮ್ಮ ಸಾಳುವ ಅರಸರೂ ಬರುತ್ತಾರೆ. ಸಾಳುವ ಕೃಷ್ಣದೇವನನ್ನ ಅದು ಪರಿಚಯಿಸುವುದು ದೇವರಾಯನ ಸೋದರಿ ಪದ್ಮಾಂಬೆಯ ಮಗ ಅಂತ. ಅಪ್ಪನ ಹೆಸರು ಹಿಡಿದು ಅಲ್ಲ, ಅಮ್ಮನ ಹೆಸರು ಮತ್ತು ಮಾವನ ಹೆಸರು ಹಿಡಿದು. ಕಾರ್ಕಳದಲ್ಲೂ ಅದೇ. 1586ರಲ್ಲಿ ಅಲ್ಲಿನ ಚತುರ್ಮುಖ ಬಸದಿ ಕಟ್ಟಿಸಿದ ಇಮ್ಮಡಿ ಭೈರರಸ ತನ್ನನ್ನು ಹೇಳಿಕೊಂಡದ್ದು ಹಿಂದಿನ ಭೈರರಸನ ಸೋದರಿ ಗುಮ್ಮಟಾಂಬೆಯ ಮಗ ಅಂತ. ಇದನ್ನೇ ನಾವು ಅಳಿಯಕಟ್ಟು, ಅಳಿಯಸಂತಾನ ಅನ್ನುವುದು. ಮನೆ ನಡೆಯುವುದು ಅಕ್ಕತಂಗಿಯರ ಮೂಲಕ. ಪಟ್ಟದಲ್ಲಿ ಕೂರುವವನು ಗಂಡಸೇ ಆದರೂ ಅವನ ಮಗನಿಗೆ ಅಲ್ಲಿ ಪಾಲಿಲ್ಲ, ತಂಗಿಯ ಮಗನಿಗೆ ಇದೆ.

ನಾನು ವಂಶವೃಕ್ಷವನ್ನ ಮತ್ತೆ ಬರೆದೆ. ಈ ಸಲ ಅಕ್ಕತಂಗಿಯರನ್ನ ನಡುವೆ ಇಟ್ಟೆ. ಗಂಡಸರು ಆಚೀಚೆ ಕೊಂಬೆಗಳ ಹಾಗೆ ಬಂದರು. ಗೆರೆ ನೆಟ್ಟಗಾಯಿತು!

ಹೀಗೆ ನೋಡಿದಾಗ ಒಂದು ಮಾತು ಹೊಳೆಯುತ್ತದೆ. ಝಾನ್ಸಿಯ ರಾಣಿ, ಕಿತ್ತೂರಿನ ಚೆನ್ನಮ್ಮ ಇವರ ಕಥೆ ಶುರುವಾಗುವುದೇ ಗಂಡ ಸತ್ತಲ್ಲಿಂದ. ಗಂಡನಿಲ್ಲ, ದತ್ತು ಮಗನಿಗೆ ಹಕ್ಕಿಲ್ಲ ಅಂತ ಕಂಪನಿಯವರು ಅಂದರು, ಹಾಗಾಗಿ ರಾಣಿ ಕತ್ತಿ ಹಿಡಿದಳು. ಗೇರುಸೊಪ್ಪೆಯಲ್ಲಿ ಹಾಗಲ್ಲ. ಇಲ್ಲಿ ರಾಣಿ ಯಾರ ಬದಲಿಗೂ ಕೂತವಳಲ್ಲ. ಮನೆ ಅವಳದ್ದೇ. ಅಣ್ಣನೋ ಅಳಿಯನೋ ಇದ್ದರೆ ಅವನು ಆಳುತ್ತಿದ್ದ, ಇಲ್ಲದಿದ್ದರೆ ಅವಳೇ ಆಳುತ್ತಿದ್ದಳು. ಆದ್ದರಿಂದಲೇ ಈ ಕರಾವಳಿಯಲ್ಲಿ ರಾಣಿಯರು ಒಬ್ಬರಲ್ಲ, ಸಾಲಾಗಿ ಸಿಗುತ್ತಾರೆ.

ಹೊರಗಿನವರು ಬರೆದದ್ದನ್ನ ನೋಡಿ. 1502ರಲ್ಲಿ ವಾಸ್ಕೋ ಡ ಗಾಮ ಎರಡನೇ ಸಲ ಬಂದಾಗ ಭಟ್ಕಳದವರ ಮೇಲೆ ಕಪ್ಪ ಹೇರಿದ. ಕಪ್ಪ ಅಂದರೆ ಚಿನ್ನ ಅಲ್ಲ, ಅಕ್ಕಿ. ನಾವಿಕರಿಗೆ ಸಾಧಾರಣ ಅಕ್ಕಿ, ಕಪ್ತಾನರಿಗೆ ಒಳ್ಳೆ ಅಕ್ಕಿ ಅಂತ ಬೇರೆ ಬೇರೆ! ನಮ್ಮ ಗದ್ದೆಯ ಅಕ್ಕಿ ಲಿಸ್ಬನ್ನಿನ ಹಡಗಿನಲ್ಲಿ ಬೇಯುತ್ತಿತ್ತು ಅನ್ನಿ. 1542ರಲ್ಲಿ ಗೋವೆಯ ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜಾ ಕಪ್ಪ ಬಾಕಿ ಅಂತ ಹೇಳಿ ಭಟ್ಕಳಕ್ಕೆ ಬಂದು ಊರನ್ನ ಸುಟ್ಟು ಹಾಕಿದ. ಆಗ ಅಲ್ಲಿ ಇದ್ದವಳು 'ಭಟ್ಕಳದ ರಾಣಿ'. 1548ರಲ್ಲಿ ಪೋರ್ಚುಗೀಸರ ಜೊತೆ ಒಪ್ಪಂದ ಮಾಡಿಕೊಂಡವಳೂ 'ಭಟ್ಕಳದ ರಾಣಿ'. 1569ರಲ್ಲಿ ವೈಸ್‌ರಾಯ್ ಲೂಯಿಸ್ ಡಿ ಅಟೈಡ್ ದೊಡ್ಡ ನೌಕಾಪಡೆ ತಂದು ಹೊನ್ನಾವರ ಹಿಡಿದಾಗ ಎದುರಿಗಿದ್ದವಳು 'ಗೇರುಸೊಪ್ಪೆಯ ರಾಣಿ'. ಮರುವರ್ಷ ಬಿಜಾಪುರದ ಆದಿಲ್ ಶಾಹ ಗೋವೆಗೆ ಮುತ್ತಿಗೆ ಹಾಕಿದ. ಆ ಗದ್ದಲದಲ್ಲೇ ರಾಣಿಯ ಸೈನ್ಯ ಹೊನ್ನಾವರದ ಕೋಟೆಗೆ ಲಗ್ಗೆ ಹಾಕಿತು. ಗೋವೆಯೇ ಕಷ್ಟದಲ್ಲಿದ್ದರೂ ಅಲ್ಲಿಂದ ನೆರವು ಬಂತು, ಕೋಟೆ ಉಳಿಯಿತು.

ಪೋರ್ಚುಗೀಸರಿಗೆ ಹೆಸರು ಬೇಕಿರಲಿಲ್ಲ. ರಾಣಿ ಅಂದರೆ ರಾಣಿ. ಯಾವ ಬಂದರು, ಎಷ್ಟು ಮೆಣಸು, ಎಷ್ಟು ಅಕ್ಕಿ, ಇಷ್ಟು ಗೊತ್ತಾದರೆ ಅವರ ದಫ್ತರ ಮುಗಿಯಿತು. ಆಮೇಲೆ ಬಂದ ನಾವು ಈ ಎಲ್ಲಾ ರಾಣಿಯರನ್ನ ಸೇರಿಸಿ ಒಬ್ಬಳನ್ನೇ ಮಾಡಿಬಿಟ್ಟೆವು.

ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ ಚೆನ್ನಭೈರಾದೇವಿಯ ಆಳ್ವಿಕೆ 1552ರಿಂದ 1606ರವರೆಗೆ. 54 ವರ್ಷ. ಆ ಲೆಕ್ಕ ಹಿಡಿದರೆ 1542ರಲ್ಲಿ ಊರು ಸುಡಿಸಿಕೊಂಡವಳು, 1548ರಲ್ಲಿ ಒಪ್ಪಂದಕ್ಕೆ ಒಪ್ಪಿದವಳು ಇವಳಲ್ಲ, ಇವಳಿಗಿಂತ ಹಿಂದಿನವಳು. ಆದರೂ ಕೆಲವು ಲೇಖನಗಳಲ್ಲಿ ಅವೆಲ್ಲಾ ಇವಳ ತಲೆಗೇ ಬಂದಿವೆ. ಊರಿನಲ್ಲಂತೂ ಕೇಳುವುದೇ ಬೇಡ. ನಮ್ಮಜ್ಜಿಯ ಕಥೆಯಲ್ಲಿ ಗುಡ್ಡದ ಮೇಲಿನ ಪ್ರತಿಯೊಂದು ಮುರುಕು ಗೋಡೆಯೂ ರಾಣಿಯ ಕೋಟೆ, ಪ್ರತಿಯೊಂದು ಹಾಳು ಬಾವಿಯಲ್ಲೂ ರಾಣಿಯ ಬಂಗಾರ. ಕುಮಟೆಯ ಹತ್ತಿರದ ಮಿರ್ಜಾನ್ ಕೋಟೆಯೂ ಅವಳದ್ದೇ, ಕಾಡಿನೊಳಗಿನ ಕಾನೂರು ಕೋಟೆಯೂ ಅವಳದ್ದೇ. ಇರಲಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ರಾಣಿಯ ಕೊನೆ.

1565ರಲ್ಲಿ ತಾಳೀಕೋಟೆಯ ಯುದ್ಧದಲ್ಲಿ ವಿಜಯನಗರ ಮುರಿದುಬಿತ್ತು. ತನಕ ಎಲ್ಲರೂ ಹಂಪೆಯ ಕಡೆ ಮುಖ ಮಾಡಿ ನಿಂತಿದ್ದ ಸಾಮಂತರು. ಆಮೇಲೆ ಪಕ್ಕದವನ ಕಡೆ ನೋಡಲು ಶುರು ಮಾಡಿದರು. ಘಟ್ಟದ ಮೇಲೆ ಕೆಳದಿಯ ನಾಯಕರು ಬೆಳೆಯುತ್ತಿದ್ದರು. ಅವರಿಗೆ ಸಮುದ್ರ ಬೇಕಿತ್ತು. ಸಮುದ್ರಕ್ಕೂ ಅವರಿಗೂ ನಡುವೆ ಇದ್ದದ್ದು ಗೇರುಸೊಪ್ಪೆ. ಮೆಣಸು ಬೆಳೆಯುವುದು ಘಟ್ಟದ ಇಳಿಜಾರಿನಲ್ಲಿ, ಮರಕ್ಕೆ ಹಬ್ಬಿದ ಬಳ್ಳಿಯಲ್ಲಿ. ಕೊಯ್ದು ಒಣಗಿಸಿದ ಕಾಳು ಎತ್ತಿನ ಮೇಲೆ ಕಣಿವೆ ಇಳಿದು ಗೇರುಸೊಪ್ಪೆಗೆ ಬರಬೇಕು. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಮೇಲೆ ಹೊನ್ನಾವರಕ್ಕೆ. ಹೊಳೆಯಲ್ಲಿ ದೋಣಿ ಸಾಗುವುದು ಎಲ್ಲಿಗೆ ನಿಲ್ಲುತ್ತದೋ ಅಲ್ಲಿ ಊರು ಕಟ್ಟಿಕೊಂಡು ಕೂತವರು ಈ ಮನೆತನದವರು. ಬೇರೇನೂ ಮಾಡದೆ ಅಲ್ಲಿ ಕೂತರೂ ಸಾಕು, ಪ್ರತಿ ಹೇರಿನಿಂದಲೂ ಸುಂಕ ಬರುತ್ತದೆ!

17ನೇ ಶತಮಾನದ ಮೊದಲ ವರ್ಷಗಳಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಇಳಿದು ಬಂದ. ಗೇರುಸೊಪ್ಪೆ ಬಿತ್ತು. ರಾಣಿ ಸೆರೆಯಾಗಿ ಘಟ್ಟದ ಮೇಲೆ ಹೋದಳು, ಅಲ್ಲೇ ತೀರಿಕೊಂಡಳು. ಇದು 1606ರ ಸುಮಾರಿಗೆ ಅಂತ ಸಾಮಾನ್ಯ ಒಪ್ಪಿಗೆ. ಕೆಳದಿಯ ಕಡೆಯವರ ಕಾವ್ಯ, ಲಿಂಗಣ್ಣ ಬರೆದ 'ಕೆಳದಿನೃಪವಿಜಯ', ಇದನ್ನ ವೆಂಕಟಪ್ಪನ ಗೆಲುವುಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಸೋತವರ ಕಡೆಯ ಕಾವ್ಯ ಅಂತ ಒಂದು ಇದ್ದಿದ್ದರೆ!

ಇನ್ನೊಬ್ಬ ಇದನ್ನ ಬರೆದಿದ್ದಾನೆ. ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿ. 1623ರಲ್ಲಿ ಇವನು ಗೋವೆಯಿಂದ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಸೇರಿಕೊಂಡು ಹೊನ್ನಾವರಕ್ಕೆ ಬಂದ. ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಗೆ, ಮುಂದೆ ಘಟ್ಟ ಹತ್ತಿ ಇಕ್ಕೇರಿಗೆ. ಹೋಗಿದ್ದು ಯಾರನ್ನ ನೋಡಲಿಕ್ಕೆ? ಅದೇ ವೆಂಕಟಪ್ಪ ನಾಯಕನನ್ನ. ಯಾಕೆಂದರೆ ಮೆಣಸು ಈಗ ಅವನ ಕೈಯಲ್ಲಿತ್ತು. ಶರಾವತಿಯನ್ನ ನೋಡಿ ದೆಲ್ಲಾ ವಾಲ್ಲೆ ಮರುಳಾಗಿದ್ದಾನೆ, ತಾನು ಕಂಡ ಅತ್ಯಂತ ಸುಂದರ ಹೊಳೆಗಳಲ್ಲಿ ಒಂದು ಅಂತ ಬರೆಯುತ್ತಾನೆ. ಅದನ್ನ ಓದಿ ನನಗೆ ಏನೋ ನಮ್ಮ ಮನೆಯ ಹುಡುಗಿಯನ್ನ ಹೊಗಳಿದ ಹಾಗೆ ಸಂತೋಷ. ಆದರೆ ಗೇರುಸೊಪ್ಪೆ ತಲುಪಿದಾಗ ಅವನು ಕಂಡದ್ದು ಊರಲ್ಲ. ಒಂದು ಕಾಲದ ರಾಜಧಾನಿಯ ಮನೆಗಳ ಮೇಲೆ ಮರ ಬೆಳೆದಿದ್ದವು, ರೈತರ ಕೆಲವು ಗುಡಿಸಲು ಉಳಿದಿದ್ದವು. ರಾಣಿ ಹೋಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ.

ಅಲ್ಲಿ ಅವನು ಕೇಳಿದ ಕಥೆ ಹೀಗಿದೆ. ರಾಣಿ ಒಬ್ಬ ಹೊರಗಿನವನನ್ನ, ಕೀಳು ಕುಲದವನನ್ನ, ಮೆಚ್ಚಿ ಅಧಿಕಾರವೆಲ್ಲಾ ಅವನ ಕೈಗೆ ಕೊಟ್ಟಳು. ಅವನು ಅವಳ ಸರದಾರರನ್ನ ಒಲಿಸಿಕೊಂಡು ಅವಳಿಗೇ ತಿರುಗಿ ಬಿದ್ದ. ರಾಣಿ ಪೋರ್ಚುಗೀಸರ ನೆರವು ಕೇಳಿದಳು, ಅವರು ಬಂದದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. ಆ ದ್ರೋಹಿ ವೆಂಕಟಪ್ಪನನ್ನ ಕರೆದ. ವೆಂಕಟಪ್ಪ ಬಂದು ಆ ದ್ರೋಹಿಯನ್ನೂ ಮುಗಿಸಿ, ರಾಜ್ಯವನ್ನೂ ತಗೊಂಡು, ರಾಣಿಯನ್ನ ಮರ್ಯಾದೆಯ ಸೆರೆಯಲ್ಲಿ ಇಟ್ಟ.

ಈಗ ಲೆಕ್ಕ ಹಾಕಿ. 1552ರಲ್ಲಿ ಪಟ್ಟಕ್ಕೆ ಬಂದಾಗ ಅವಳಿಗೆ ಬರೀ 20 ವರ್ಷ ಅಂತ ಇಟ್ಟುಕೊಂಡರೂ 1606ಕ್ಕೆ 74 ಆಯಿತು. ಎಪ್ಪತ್ತು ದಾಟಿದ ಅಜ್ಜಿ ಯಾರೋ ಪರದೇಶಿಯ ಪ್ರೇಮಕ್ಕೆ ಬಿದ್ದು ರಾಜ್ಯ ಕಳಕೊಂಡಳೇ? ನಾವು ಒಂದು ಬಾಯಲ್ಲಿ 54 ವರ್ಷ ಆಳಿದಳು ಅಂತ ಹೆಮ್ಮೆಪಡುತ್ತೇವೆ, ಇನ್ನೊಂದು ಬಾಯಲ್ಲಿ ಪ್ರೇಮದ ಕಥೆಯನ್ನೂ ಚಪ್ಪರಿಸುತ್ತೇವೆ. ಎರಡೂ ಒಟ್ಟಿಗೆ ಒಬ್ಬಳ ಬಾಳಿನಲ್ಲಿ ಹಿಡಿಸುವುದಿಲ್ಲ. ಒಂದೋ ಆ ಐವತ್ತು ಚಿಲ್ಲರೆ ವರ್ಷಗಳಲ್ಲಿ ಒಬ್ಬಳಿಗಿಂತ ಹೆಚ್ಚು ಭೈರಾದೇವಿಯರು ಇದ್ದಾರೆ, ಇಲ್ಲಾ ಪ್ರೇಮದ ಕಥೆ ಗೆದ್ದವರ ಊರಿನ ಗಾಳಿಮಾತು. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಮೊದಲನೆಯದನ್ನೂ ಬಿಟ್ಟುಕೊಡಲಾರೆ.

ಆದರೆ ದೆಲ್ಲಾ ವಾಲ್ಲೆಯನ್ನ ಪೂರಾ ಬೈಯುವ ಹಾಗಿಲ್ಲ. ಅದೇ ಜಾಗದಲ್ಲಿ ಅವನು ಇನ್ನೊಂದು ಮಾತು ಹೇಳುತ್ತಾನೆ. ಮೆಚ್ಚಿದವನನ್ನ ಆರಿಸಿಕೊಂಡದ್ದರಲ್ಲಿ ರಾಣಿಯದ್ದು ಈ ನಾಡಿನ ಪದ್ಧತಿಯ ಪ್ರಕಾರ ತಪ್ಪೇನೂ ಇಲ್ಲ, ಇಲ್ಲಿನ ರಾಣಿಯರಿಗೆ ಹಿಂದಿನಿಂದಲೂ ಆ ಹಕ್ಕಿದೆ, ಜನ ಸಿಟ್ಟಾದದ್ದು ಅವನ ಕುಲಕ್ಕೆ ಅಂತ. ಅಂದರೆ ಅಳಿಯಕಟ್ಟಿನ ಮನೆಯ ವಾಸನೆ ಅವನ ಮೂಗಿಗೆ ಬಡಿದಿತ್ತು. ಮಕ್ಕಳು ಯಾರ ಮಕ್ಕಳಾದರೂ ಅಮ್ಮನ ಮನೆಗೇ ಸೇರುವ ಕಡೆ ರಾಣಿಯ ಗಂಡ ಯಾರು ಅನ್ನುವುದು ರಾಜ್ಯದ ಪ್ರಶ್ನೆಯೇ ಅಲ್ಲ. ರೋಮಿನಿಂದ ಬಂದವನಿಗೆ ಅದೊಂದೇ ಪ್ರಶ್ನೆಯಾಗಿ ಕಂಡಿತು.

ಅದೇ ವರ್ಷ ಅವನು ಇನ್ನೊಬ್ಬ ರಾಣಿಯನ್ನ ಕಣ್ಣಾರೆ ನೋಡಿದ. ಉಳ್ಳಾಲದ ರಾಣಿ. ನಾವು ಅಬ್ಬಕ್ಕ ಅನ್ನುತ್ತೇವೆ. ಬರಿಗಾಲಲ್ಲಿ ನಡೆದು ಬಂದು ಕಾಲುವೆ ಅಗೆಯುವ ಕೆಲಸ ನೋಡುತ್ತಿದ್ದಳು. ನೋಡಲು ರಾಣಿಯ ಹಾಗಿರಲಿಲ್ಲ, ಬಾಯಿ ಬಿಟ್ಟರೆ ರಾಣಿಯೇ ಅಂತ ಬರೆದಿದ್ದಾನೆ. ಅವಳದ್ದೂ ಅಳಿಯಕಟ್ಟಿನ ಜೈನ ಮನೆ. ಅವಳನ್ನೂ ಹಿಂದಿನ ಅಬ್ಬಕ್ಕನ ಜೊತೆ ಸೇರಿಸಿ ಒಬ್ಬಳನ್ನೇ ಮಾಡಿ ಹಾಡುವವರಿದ್ದಾರೆ. ಕಂಡವಳ ಬಗ್ಗೆ ಬರೆದಾಗ ಕಾಲುವೆ, ಕೆಲಸದಾಳು, ಮಾತಿನ ಧಾಟಿ. ಕಾಣದವಳ ಬಗ್ಗೆ ಬರೆದಾಗ ಪ್ರೇಮ, ದ್ರೋಹ. ಒಂದೇ ಪುಸ್ತಕದೊಳಗೆ ಇಷ್ಟು ವ್ಯತ್ಯಾಸ ನೋಡಿ.

ಗೇರುಸೊಪ್ಪೆಯ ರಾಣಿಯನ್ನ ಯಾರಾದರೂ ಹಾಗೆ ಎದುರಿಗೆ ನಿಂತು ನೋಡಿ ಬರೆದಿದ್ದರೆ ಏನು ಬರೆಯುತ್ತಿದ್ದರು ಅಂತ ಯೋಚಿಸುತ್ತೇನೆ. ಅವಳ ಕಾಲದ ಊರಿನ ಒಂದೆರಡು ಚಿತ್ರಗಳಂತೂ ಸಿಗುತ್ತವೆ. 1560ರ ಒಂದು ಶಾಸನದಲ್ಲಿ ಅಂಬವಣ ಶ್ರೇಷ್ಠಿ ಅನ್ನುವ ವ್ಯಾಪಾರಿ ಗೇರುಸೊಪ್ಪೆಯ ನೇಮಿನಾಥ ಬಸದಿಯ ಮುಂದೆ ಕಂಚಿನ ಮಾನಸ್ತಂಭ ಮಾಡಿಸಿದ್ದು ಬರುತ್ತದೆ. ಕಂಚಿನದ್ದು! ಸೆಟ್ಟಿಗಳ ಕೈಯಲ್ಲಿ ಅಷ್ಟು ದುಡ್ಡು ಆಡುತ್ತಿತ್ತು. 1604ರಲ್ಲಿ, ಅಂದರೆ ಎಲ್ಲಾ ಮುಳುಗುವ ಎರಡು ವರ್ಷ ಮೊದಲು, ಹಾಡುವಳ್ಳಿಯ ಮಠದ ಶಿಷ್ಯ ಭಟ್ಟಾಕಳಂಕ 'ಕರ್ಣಾಟಕ ಶಬ್ದಾನುಶಾಸನ' ಮುಗಿಸಿದ. 592 ಸೂತ್ರಗಳ ಕನ್ನಡ ವ್ಯಾಕರಣ, ಬರೆದದ್ದು ಸಂಸ್ಕೃತದಲ್ಲಿ. ಕನ್ನಡಕ್ಕೂ ವ್ಯಾಕರಣ ಬರೆಯುವಷ್ಟು ಯೋಗ್ಯತೆ ಇದೆಯೇ ಅಂತ ಪಂಡಿತರು ಮೂಗು ಮುರಿಯುತ್ತಿದ್ದ ಕಾಲ ಅದು. ಕೀಬೋರ್ಡಿನಲ್ಲಿ ಒತ್ತಕ್ಷರ ಮೂಡಿಸಲು ಒದ್ದಾಡುವ ನಮ್ಮಂಥವರು ಆ ಪುಣ್ಯಾತ್ಮನಿಗೆ ಒಂದು ನಮಸ್ಕಾರ ಹಾಕಬೇಕು. ಕೆಳದಿಯ ಸೈನ್ಯ ಘಟ್ಟದ ಮೇಲೆ ಕಾಯುತ್ತಿದ್ದ ಹೊತ್ತಿನಲ್ಲಿ ಈ ಮನೆತನದ ನೆಲದಲ್ಲಿ ಒಬ್ಬ ಕೂತು ಕನ್ನಡದ ವಿಭಕ್ತಿ ಪ್ರತ್ಯಯಗಳನ್ನ ಎಣಿಸುತ್ತಿದ್ದ.

ಇತ್ತೀಚಿನ ವರ್ಷಗಳಲ್ಲಿ ರಾಣಿಯ ಮೇಲೆ ಜನರ ಗಮನ ಬಿದ್ದಿದೆ. ಡಾ. ಗಜಾನನ ಶರ್ಮರ 'ಚೆನ್ನಭೈರಾದೇವಿ' ಕಾದಂಬರಿ ಬಂದ ಮೇಲೆ ಹುಡುಗರು ಬೈಕು ಹತ್ತಿಕೊಂಡು ಕಾನೂರು ಕೋಟೆ ಹುಡುಕಿ ಹೋಗುತ್ತಾರೆ. ಒಳ್ಳೆಯದೇ. ನನಗಿರುವ ಒಂದೇ ಚಿಂತೆ ಅಂದರೆ, ಗಾಳಿಮಾತಿನ ರಾಣಿಯನ್ನ ಕೆಳಗಿಳಿಸುವ ಭರದಲ್ಲಿ ಕತ್ತಿ ಹಿಡಿದು ಕುದುರೆ ಮೇಲೆ ಕೂತ ಒಬ್ಬಳೇ ವೀರರಾಣಿಯನ್ನ ಕೂರಿಸಿ, ಅವಳ ಹಿಂದಿನ ಅಕ್ಕತಂಗಿಯರು, ಚಿಕ್ಕಮ್ಮ ದೊಡ್ಡಮ್ಮಂದಿರನ್ನೆಲ್ಲಾ ಮತ್ತೊಮ್ಮೆ ಮರೆತುಬಿಡುತ್ತೇವೇನೋ ಅಂತ. 1542ರಲ್ಲಿ ತನ್ನ ಊರು ಉರಿಯುವುದನ್ನ ನೋಡಿದವಳೂ ಒಬ್ಬ ರಾಣಿಯೇ. ಆರು ವರ್ಷದ ಮೇಲೆ ಅದೇ ಪೋರ್ಚುಗೀಸರ ಎದುರು ಒಪ್ಪಂದಕ್ಕೆ ಬರಬೇಕಾಗಿ ಬಂತಲ್ಲ, ಆ ರಾಣಿಯ ಹೊಟ್ಟೆಯಲ್ಲಿ ಎಷ್ಟು ಬೆಂಕಿ ಇದ್ದಿರಬೇಕು?

ಕಳೆದ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮಗನನ್ನ ಹೊರಡಿಸಿಕೊಂಡು ನಗರಬಸ್ತಿಕೇರಿಗೆ ಹೋಗಿದ್ದೆ. ಈಗಿನ ಗೇರುಸೊಪ್ಪೆ ಊರಿನಿಂದ ಹೊಳೆಯ ಆಚೆ ದಡ. ಹಳೆಯ ರಾಜಧಾನಿ ಇದ್ದದ್ದು ಅಲ್ಲಿ. ಲಕ್ಷ ಮನೆ, 84 ಬಸದಿ ಇದ್ದವು ಅಂತ ಜನ ಹೇಳುತ್ತಾರೆ. ಲಕ್ಷ ಅನ್ನುವುದನ್ನ ಅಜ್ಜಿಯ ಬಂಗಾರದ ಬಾವಿಯ ಲೆಕ್ಕಕ್ಕೇ ಸೇರಿಸಿ. ಚತುರ್ಮುಖ ಬಸದಿ ಮಾತ್ರ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಒಳಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತ ನಾಲ್ಕು ತೀರ್ಥಂಕರರು. ಕಲ್ಲಿನ ನೆಲ ಮಧ್ಯಾಹ್ನದಲ್ಲೂ ತಣ್ಣಗಿತ್ತು. ಸುತ್ತ ಕಾಡು. ತಮ್ಮ ಫೋಟೋ ತೆಗೆಯುತ್ತಾ, "ಅಣ್ಣಾ, ಇದರ ಮುಂಬಾಗಿಲು ಯಾವುದು?" ಅಂತ ಕೇಳಿದ. ನಾಲ್ಕೂ ಒಂದೇ ಥರ ಇರುವುದರಿಂದ ನಾವಿಬ್ಬರೂ ಎರಡು ಸುತ್ತು ಹಾಕಿದೆವು.

ವಾಪಸ್ ಬರುವಾಗ ದಾರಿಯಲ್ಲಿ ಒಂದು ಮನೆಯ ಅಂಗಳದಲ್ಲಿ ಚಾಪೆ ಹಾಸಿ ಮೆಣಸು ಒಣಹಾಕಿದ್ದರು. ಅರ್ಧ ಹಸಿರು, ಅರ್ಧ ಕಪ್ಪು. ಒಬ್ಬ ಹೆಂಗಸು ಕಾಲಿನಲ್ಲಿ ಕೈಯಾಡಿಸಿದ ಹಾಗೆ ಸರಿಸುತ್ತಾ ಓಡಾಡುತ್ತಿದ್ದಳು. ಗಾಡಿ ನಿಲ್ಲಿಸಿ ಕಾಲು ಕೇಜಿ ಕೊಡ್ತೀರಾ ಅಂತ ಕೇಳಿದೆ. "ಇದಿನ್ನೂ ಒಣಗಲಿಲ್ಲ, ಹೋದ ವರ್ಷದ್ದು ಉಂಟು, ನಿಲ್ಲಿ" ಅಂತ ಒಳಗೆ ಹೋದಳು. ಗಂಡಸರು ಜಗಲಿಯ ಮೇಲೇ ಕೂತಿದ್ದರು, ದರ ಹೇಳಿದ್ದು ಮಾತ್ರ ಅವಳೇ.